ಗಾಯದ ಕಲೆ ಮಿಡಿಯುವುದಿಲ್ಲ

ವಾರವೆಲ್ಲ ಆಫೀಸು, ಟ್ರಾಫಿಕ್ಕು, ಪರೀಕ್ಷೆ ಅಂತ ಓಡಾಡಿ ಸುಸ್ತಾಗಿದ್ದರೂ ಯೌವನಸ್ಥರ ಕೂಟಕ್ಕೆ ಬಂದಿದ್ದೀರಿ. ದೇವರಿಗೆ ಸ್ತೋತ್ರವಾಗಲಿ. ಕೂತಿರುವವರು ಸ್ವಲ್ಪ ಮುಂದೆ ಬನ್ನಿ, ಹಿಂದೆ ನಿಂತಿರುವ ತಮ್ಮಂದಿರಿಗೆ ಜಾಗ ಆಗಲಿ.

ಸತ್ಯವೇದ ತಂದಿದ್ದೀರಾ? ಮೊಬೈಲ್‌ನಲ್ಲಿ ಇದ್ದರೂ ಪರವಾಗಿಲ್ಲ, ಆದರೆ ನೋಟಿಫಿಕೇಶನ್ ಆಫ್ ಮಾಡಿ. ಯೆಹೆಜ್ಕೇಲ 36ನೇ ಅಧ್ಯಾಯ, 22ನೇ ವಚನದಿಂದ 28ರ ತನಕ. ಎಲ್ಲರೂ ಒಟ್ಟಿಗೆ ಓದೋಣ.

ಓದಿದಿರಿ. ಈಗ ನೋಡಿ, ಈ ಮಾತನ್ನು ದೇವರು ಯಾರಿಗೆ ಹೇಳ್ತಿದ್ದಾರೆ? ಬಾಬೆಲಿನಲ್ಲಿ ಸೆರೆಯಾಗಿ ಕೂತಿರುವ ಜನರಿಗೆ. ಯೆರೂಸಲೇಮು ಬಿದ್ದುಹೋಗಿದೆ, ದೇವಾಲಯ ಸುಟ್ಟುಹೋಗಿದೆ. ಅವರನ್ನು ಕೇಳಿದ್ದರೆ ಏನು ಬೇಕು ಅಂತಿದ್ದರು? ಊರಿಗೆ ವಾಪಸ್ ಕಳಿಸಿ ಸ್ವಾಮಿ, ಸಾಕು, ಅಂತಿದ್ದರು. ದೇವರು ಅದನ್ನೂ ಕೊಡ್ತೀನಿ ಅಂದರು. ಆದರೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಯಾಕಂದ್ರೆ ಅದೇ ಹಳೇ ಹೃದಯ ಹೊತ್ಕೊಂಡು ಊರಿಗೆ ಹೋದರೆ ಮತ್ತೆ ಅದೇ ಕಥೆ. ಕೆಲಸ ಬದಲಾಯಿಸಿದರೂ, ಪಿಜಿ ಬದಲಾಯಿಸಿದರೂ, ಸಭೆ ಬದಲಾಯಿಸಿದರೂ ಕೆಲವರ ಬದುಕು ಬದಲಾಗಲ್ಲ ನೋಡಿ, ಹಾಗೆ. ಆದ್ದರಿಂದ 26ನೇ ವಚನದಲ್ಲಿ ದೇವರು ಒಂದು ಆಪರೇಷನ್ ಬಗ್ಗೆ ಮಾತಾಡ್ತಾರೆ. ಒಳಗಿರುವ ಕಲ್ಲನ್ನು ತಾನೇ ತೆಗೆಯುವುದಾಗಿ, ಅದರ ಜಾಗದಲ್ಲಿ ಜೀವ ಇರುವ, ಮೆತ್ತಗಿರುವ ಹೃದಯ ಇಡುವುದಾಗಿ ಮಾತು ಕೊಡ್ತಾರೆ. ಆಮೆನ್?

ಒಂದು ವಿಷಯ ಮೊದಲೇ ಸ್ಪಷ್ಟ ಮಾಡ್ತೀನಿ. ಸತ್ಯವೇದದಲ್ಲಿ ಹೃದಯ ಅಂದರೆ ಎದೆಯೊಳಗಿನ ಮಾಂಸದ ತುಂಡು ಮಾತ್ರ ಅಲ್ಲ. ಹೀಬ್ರೂ ಭಾಷೆಯ 'ಲೇವ್' ಎನ್ನುವ ಪದದಲ್ಲಿ ಯೋಚನೆ, ಇಷ್ಟ, ತೀರ್ಮಾನ ಎಲ್ಲ ಸೇರಿದೆ. ಹಾಗಾಗಿ ಇವತ್ತು ನಾನು ವಿಜ್ಞಾನದ ಮಾತು ಹೇಳಿದಾಗ, ನೋಡಿ ಸೈನ್ಸ್ ಬಂದು ಬೈಬಲನ್ನು ಪ್ರೂವ್ ಮಾಡ್ತು ಅಂತ ನಾನು ಹೇಳ್ತಿಲ್ಲ. ದೇವರ ವಾಕ್ಯಕ್ಕೆ ಲ್ಯಾಬಿನ ಸರ್ಟಿಫಿಕೇಟ್ ಬೇಕಾಗಿಲ್ಲ. ಆದರೆ ಎರಡು ಹೃದಯವನ್ನೂ ಮಾಡಿದ ಕೈ ಒಂದೇ. ಮಾಂಸದ ಹೃದಯವನ್ನು ಗಮನ ಇಟ್ಟು ನೋಡಿದರೆ ಒಳಗಿನ ಹೃದಯದ ಬಗ್ಗೆ ಕಲಿಯೋಕೆ ಬಹಳ ಇದೆ.

ಮೊದಲನೇ ವಿಷಯ. ಹೃದಯ ಹೇಗೆ ವಯಸ್ಸಾಗುತ್ತೆ?

ನಿಮ್ಮ ಮುಷ್ಟಿಯಷ್ಟು ಇರುವ ಈ ಸ್ನಾಯು ದಿನಕ್ಕೆ ಸುಮಾರು 1 ಲಕ್ಷ ಸಲ ಮಿಡಿಯುತ್ತೆ. ನೀವು ಮಲಗಿದರೂ ಅದಕ್ಕೆ ರಜೆ ಇಲ್ಲ. ಚರ್ಮದ ಕೋಶಗಳು ಉದುರುತ್ತವೆ, ಹೊಸದು ಬರುತ್ತೆ. ರಕ್ತದ ಕೋಶಗಳು ಸಾಯುತ್ತವೆ, ಹೊಸದು ಬರುತ್ತೆ. ಹೃದಯದ ಸ್ನಾಯು ಕೋಶಗಳು? ಹುಟ್ಟುವಾಗ ಎಷ್ಟು ಬಂತೋ ಅಷ್ಟೇ, ಆಮೇಲೆ ಹೊಸದು ಹುಟ್ಟಲ್ಲ ಅಂತ ವೈದ್ಯರು ಬಹಳ ವರ್ಷ ನಂಬಿದ್ದರು.

ಅದನ್ನು ಪರೀಕ್ಷೆ ಮಾಡಿದ್ದು ಹೇಗೆ ಗೊತ್ತಾ? 1950ರ ದಶಕದಿಂದ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬ್ ಸಿಡಿಸಿ ಪರೀಕ್ಷೆ ಮಾಡ್ತಿದ್ದವು. ಅದರಿಂದ ಗಾಳಿಯಲ್ಲಿ ಕಾರ್ಬನ್-14 ಎಂಬ ಅಂಶ ಜಾಸ್ತಿಯಾಯಿತು. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಸೇರಿ ಬಯಲಿನ ಪರೀಕ್ಷೆ ನಿಲ್ಲಿಸುವ ಒಪ್ಪಂದ ಮಾಡಿಕೊಂಡವು. ಆಮೇಲೆ ಗಾಳಿಯಲ್ಲಿ ಅದರ ಪ್ರಮಾಣ ವರ್ಷದಿಂದ ವರ್ಷಕ್ಕೆ ಇಳೀತಾ ಬಂತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ಊಟಕ್ಕೆ, ಊಟದಿಂದ ನಮ್ಮ ಮೈಗೆ. ಒಂದು ಕೋಶ ಹುಟ್ಟಿದ ವರ್ಷ ಗಾಳಿಯಲ್ಲಿ ಎಷ್ಟು ಕಾರ್ಬನ್-14 ಇತ್ತೋ ಅದರ ಗುರುತು ಆ ಕೋಶದ ಡಿಎನ್‌ಎಯಲ್ಲಿ ಉಳಿದುಬಿಡುತ್ತೆ. ಕೋಶದ ಬರ್ತ್ ಸರ್ಟಿಫಿಕೇಟ್ ಇದ್ದ ಹಾಗೆ!

ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ಯೋನಾಸ್ ಫ್ರೀಸೆನ್ ಮತ್ತು ಅವರ ತಂಡ ಇದೇ ಗುರುತು ಹಿಡಿದು ಮನುಷ್ಯರ ಹೃದಯದ ಕೋಶಗಳ ವಯಸ್ಸು ಲೆಕ್ಕ ಹಾಕಿದರು. 2009ರಲ್ಲಿ ಅದನ್ನು ಪ್ರಕಟ ಮಾಡಿದರು. ಹೊಸ ಕೋಶ ಹುಟ್ಟುತ್ತೆ, ಆದರೆ ತುಂಬ ನಿಧಾನ. 25ನೇ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ 1. 75ನೇ ವಯಸ್ಸಿಗೆ ಬರುವಷ್ಟರಲ್ಲಿ ನೂರಕ್ಕೆ 0.45. ಅಂದರೆ ಇಡೀ ಆಯುಷ್ಯ ಮುಗಿದರೂ ಅರ್ಧದಷ್ಟು ಕೋಶ ಕೂಡ ಬದಲಾಗಿರಲ್ಲ. ನಿಮ್ಮ ಅಮ್ಮನ ಮಡಿಲಲ್ಲಿ ಮಲಗಿದ್ದಾಗ ನಿಮ್ಮ ಎದೆಯಲ್ಲಿ ಇದ್ದ ಕೋಶಗಳಲ್ಲಿ ಹೆಚ್ಚಿನವು ಕೊನೇ ದಿನದವರೆಗೂ ನಿಮ್ಮ ಜೊತೆ ಇರ್ತವೆ.

ಇದರಲ್ಲಿ ಎರಡು ಮಾತು ಇದೆ. ಒಂದು ಎಚ್ಚರಿಕೆ. ಈ ಹೃದಯಕ್ಕೆ ಏನು ಮಾಡ್ತೀರೋ ಅದು ಬಹಳ ಕಾಲ ಉಳಿಯುತ್ತೆ. ಜ್ಞಾನೋಕ್ತಿ 4ನೇ ಅಧ್ಯಾಯದಲ್ಲಿ ಬೇರೆಲ್ಲದಕ್ಕಿಂತ ಹೆಚ್ಚಾಗಿ ಹೃದಯಕ್ಕೆ ಕಾವಲು ಇಡು ಅಂತ ಹೇಳಿರೋದು ಸುಮ್ಮನೆ ಅಲ್ಲ. ಇನ್ನೊಂದು ಸಮಾಧಾನ. ನೂರಕ್ಕೆ ಒಂದು ಕಡಿಮೆ ನಿಜ, ಆದರೆ ಅದು ಸೊನ್ನೆ ಅಲ್ಲ. ಎಲ್ಲರೂ ಬಾಗಿಲು ಮುಚ್ಚಿದೆ ಅಂದುಕೊಂಡಿದ್ದ ಕಡೆ ದೇವರು ಸ್ವಲ್ಪ ತೆರೆದೇ ಇಟ್ಟಿದ್ದರು. ಹಲ್ಲೆಲೂಯಾ!

ಇನ್ನು ವಯಸ್ಸಾದ ಹೃದಯದಲ್ಲಿ ಆಗುವ ಇನ್ನೊಂದು ಬದಲಾವಣೆ ಕೇಳಿ. ಕೋಶಗಳ ನಡುವೆ ನಾರಿನಂಥ ಪದಾರ್ಥ, ಕೊಲ್ಯಾಜೆನ್, ಸೇರ್ತಾ ಹೋಗುತ್ತೆ. ಗೋಡೆ ದಪ್ಪ ಆಗುತ್ತೆ, ಬಿಗಿ ಆಗುತ್ತೆ. ವಯಸ್ಸಾದರೂ ಆರೋಗ್ಯವಾಗಿರುವ ಹೃದಯ ಸುಮ್ಮನೆ ಕೂತಾಗ ರಕ್ತವನ್ನು ಹೊರಗೆ ತಳ್ಳುವ ಶಕ್ತಿಯನ್ನು ಹೆಚ್ಚು ಕಡಿಮೆ ಹಾಗೇ ಉಳಿಸಿಕೊಂಡಿರುತ್ತೆ. ಅದಕ್ಕೆ ಕಷ್ಟ ಆಗೋದು ತುಂಬಿಕೊಳ್ಳೋಕೆ. ಒಂದು ಮಿಡಿತಕ್ಕೂ ಇನ್ನೊಂದು ಮಿಡಿತಕ್ಕೂ ನಡುವೆ ಹೃದಯ ಸಡಿಲ ಆಗಬೇಕು, ಆಗ ಮಾತ್ರ ರಕ್ತ ಒಳಗೆ ಬರುತ್ತೆ. ಬಿಗಿಯಾದ ಹೃದಯ ಬೇಗ ಸಡಿಲ ಆಗಲ್ಲ.

ಇದನ್ನು ಕೇಳಿದಾಗ ನನಗೆ ನಮ್ಮ ಸೇವೆಯಲ್ಲಿರುವ ಮಕ್ಕಳು ನೆನಪಾದರು. ಆರಾಧನೆ ತಂಡದಲ್ಲಿ ಹಾಡ್ತೀರಿ, ಕೀಬೋರ್ಡ್ ನುಡಿಸ್ತೀರಿ, ಮೀಡಿಯಾ ಟೀಮಿನಲ್ಲಿ ಲೈವ್ ನೋಡಿಕೊಳ್ತೀರಿ, ಸಂಡೇಸ್ಕೂಲ್ ಮಕ್ಕಳಿಗೆ ಕಲಿಸ್ತೀರಿ. ಹೊರಗೆ ತಳ್ಳೋದು ಚೆನ್ನಾಗೇ ನಡೀತಿದೆ. ಯಾರಿಗೂ ಅನುಮಾನ ಬರಲ್ಲ. ಆದರೆ ದೇವರ ಒಂದು ವಚನ ಒಳಗೆ ಇಳಿದು ನಿಮ್ಮನ್ನು ಅಳಿಸಿ ಎಷ್ಟು ದಿನ ಆಯ್ತು? ಅಮ್ಮ ಬುದ್ಧಿ ಹೇಳಿದರೆ ಎರಡನೇ ಮಾತಿಗೇ ಸಿಟ್ಟು ಬರ್ತಿದೆಯಾ? ಸ್ನೇಹಿತ ತಪ್ಪು ತೋರಿಸಿದರೆ ಅವನನ್ನು ಬ್ಲಾಕ್ ಮಾಡೋ ತನಕ ಹೋಗ್ತೀರಾ? ಕೊಡೋಕೆ ಆಗುತ್ತೆ, ತಗೊಳ್ಳೋಕೆ ಆಗಲ್ಲ ಅಂದರೆ ಹೃದಯ ಬಿಗಿ ಆಗ್ತಿದೆ ಅಂತ ಅರ್ಥ.

ನೀವು ಹೇಳಬಹುದು, ಪಾಸ್ಟರ್, ಅದು ವಯಸ್ಸಾದವರ ತೊಂದರೆ, ನನಗಿನ್ನೂ ಇಪ್ಪತ್ಮೂರು ಅಂತ. ಕೇಳಿ. 1966ರಲ್ಲಿ ಅಮೆರಿಕದ ಡಾಲಸ್ ನಗರದಲ್ಲಿ 20 ವಯಸ್ಸಿನ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದರು. ಕಾಯಿಲೆ ಏನಿಲ್ಲ, ಸುಮ್ಮನೆ ಮಲಗೋದು. ಆಮೇಲೆ ಅವರ ಶಕ್ತಿ ಅಳೆದರು. ಮೂವತ್ತು ವರ್ಷ ಆದಮೇಲೆ ಅದೇ ಐದು ಜನರನ್ನು ಮತ್ತೆ ಕರೆಸಿ ಅಳೆದರು. ಏನು ಗೊತ್ತಾಯ್ತು? ಮೈಗೆ ದುಡಿಯುವ ಕಸುವು ಮೂವತ್ತು ವರ್ಷದ ವಯಸ್ಸಿನಿಂದ ಕುಗ್ಗಿದ್ದಕ್ಕಿಂತ, ಇಪ್ಪತ್ತರಲ್ಲಿ ಮೂರು ವಾರ ಮಲಗಿದ್ದರಿಂದ ಕುಗ್ಗಿದ್ದೇ ಹೆಚ್ಚು!

ಮೂರು ವಾರ. ಪ್ರಾರ್ಥನೆ ಇಲ್ಲದ ಮೂರು ವಾರ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಮೊದಲನೇ ವಾರ ಮನಸ್ಸು ಚುಚ್ಚುತ್ತೆ. ಎರಡನೇ ವಾರ ನೆಪ ಸಿಗುತ್ತೆ. ಮೂರನೇ ವಾರ ಚುಚ್ಚೋದೂ ನಿಂತುಹೋಗುತ್ತೆ. ಇಬ್ರಿಯರಿಗೆ ಬರೆದ ಪತ್ರಿಕೆ 3ನೇ ಅಧ್ಯಾಯ ಮನೆಗೆ ಹೋಗಿ ಓದಿ. ಇವತ್ತು ಎನ್ನುವ ದಿನ ಕೈಯಲ್ಲಿ ಇರುವಾಗಲೇ ದೇವರ ಧ್ವನಿಗೆ ಕಿವಿಗೊಡಬೇಕು, ಇಲ್ಲದಿದ್ದರೆ ಪಾಪ ಮೋಸ ಮಾಡಿ ನಮ್ಮನ್ನು ಕಠಿಣ ಮಾಡಿಬಿಡುತ್ತೆ ಅಂತ ಅಲ್ಲಿ ಎಚ್ಚರಿಸಲಾಗಿದೆ. ಕಲ್ಲಾಗೋಕೆ ಮುಪ್ಪು ಬರಬೇಕಾಗಿಲ್ಲ.

ಎರಡನೇ ವಿಷಯ. ಹೃದಯಕ್ಕೆ ಗಾಯ ಆದರೆ ಏನಾಗುತ್ತೆ?

ಹಾರ್ಟ್ ಅಟ್ಯಾಕ್ ಅಂದರೆ ರಕ್ತನಾಳ ಕಟ್ಟಿಕೊಂಡು ಸ್ನಾಯುವಿನ ಒಂದು ಭಾಗಕ್ಕೆ ರಕ್ತ ಸಿಗದೆ ಆ ಭಾಗ ಸಾಯೋದು. ದೊಡ್ಡ ಅಟ್ಯಾಕ್ ಆದರೆ ಸುಮಾರು ನೂರು ಕೋಟಿ ಕೋಶಗಳು ಹೋಗಿಬಿಡಬಹುದು. ಹೊಸ ಸ್ನಾಯು ಬೆಳೆಯುವವರೆಗೆ ಕಾಯೋಕೆ ಸಮಯ ಇಲ್ಲ, ಯಾಕಂದ್ರೆ ಒಳಗೆ ಒತ್ತಡ ಜೋರಾಗಿರುತ್ತೆ, ಗೋಡೆ ಒಡೆದರೆ ಪ್ರಾಣ ಹೋಗುತ್ತೆ. ಅದಕ್ಕೆ ದೇಹ ಅವಸರದಲ್ಲಿ ತೇಪೆ ಹಾಕುತ್ತೆ. ಗಟ್ಟಿ ನಾರಿನ ತೇಪೆ. ಅದೇ ಗಾಯದ ಕಲೆ.

ಆ ಕಲೆಯನ್ನು ಬೈಯಬೇಡಿ. ಅದು ಪ್ರಾಣ ಉಳಿಸಿದೆ. ಆದರೆ ಒಂದು ಮಾತು ನೆನಪಿಡಿ, ಬರೆದುಕೊಳ್ಳುವವರು ಬರೆದುಕೊಳ್ಳಿ: ಗಾಯದ ಕಲೆ ಗೋಡೆಯನ್ನು ಹಿಡಿಯುತ್ತೆ, ಆದರೆ ಮಿಡಿಯುವುದಿಲ್ಲ. ಅದರ ಪಾಲಿನ ಕೆಲಸವನ್ನು ಉಳಿದ ಸ್ನಾಯು ಮಾಡಬೇಕು. ಮಾಡಿ ಮಾಡಿ ಅದೂ ಸೋಲುತ್ತೆ, ಹೃದಯ ಹಿಗ್ಗುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ.

ನಮ್ಮ ಸಭೆಯ ಒಬ್ಬ ಅಣ್ಣನ ಜೊತೆ ನಾನು ಒಮ್ಮೆ ಎಕೋ ಮಾಡಿಸೋಕೆ ಹೋಗಿದ್ದೆ. ಅವರ ಅನುಮತಿ ಕೇಳಿಯೇ ಇದನ್ನು ಹೇಳ್ತಿದ್ದೀನಿ. ಡಾಕ್ಟರ್ ಸ್ಕ್ರೀನಿನಲ್ಲಿ ತೋರಿಸಿದರು. ಹೃದಯ ಮಿಡೀತಾ ಇದೆ, ಆದರೆ ಒಂದು ಕಡೆ ಗೋಡೆ ಮಾತ್ರ ಸುಮ್ಮನೆ ನಿಂತಿದೆ. 'ಈ ಭಾಗ ಆಡ್ತಿಲ್ಲ ನೋಡಿ' ಅಂದರು. ಹೊರಗೆ ಬಂದು ಆಟೋಗೆ ಕಾಯ್ತಾ ನಿಂತಿದ್ವಿ. ಆ ಅಣ್ಣ ಹೇಳಿದರು, 'ಪಾಸ್ಟರ್, ನನ್ನೊಳಗೆ ಇನ್ನೊಂದು ಭಾಗ ಇದೆ, ಅದೂ ಆಡ್ತಿಲ್ಲ. ತಮ್ಮನ ಹತ್ತಿರ ಮಾತಾಡಿ ಹನ್ನೊಂದು ವರ್ಷ ಆಯ್ತು.' ಅಪ್ಪನ ಮನೆ ಪಾಲಿನ ವಿಷಯ. ಕೋರ್ಟಿನಲ್ಲಿದೆ. ಈ ಅಣ್ಣ ಉಪವಾಸ ಪ್ರಾರ್ಥನೆ ತಪ್ಪಿಸಲ್ಲ, ದಶಮಾಂಶ ತಪ್ಪಿಸಲ್ಲ. ತಮ್ಮನ ಹೆಸರು ಬಂದರೆ ಮಾತ್ರ ಮುಖ ಕಲ್ಲಾಗುತ್ತೆ.

ಇಲ್ಲಿ ಕೂತಿರುವ ನಿಮ್ಮಲ್ಲೂ ಇಂಥ ಕಲೆ ಇದೆ. ಕುಡಿದು ಬರ್ತಿದ್ದ ಅಪ್ಪ. ಮದುವೆ ಆಗ್ತೀನಿ ಅಂತ ಹೇಳಿ ಬಿಟ್ಟು ಹೋದವರು. ಬಣ್ಣ, ಜಾತಿ, ಇಂಗ್ಲಿಷು ಅಂತ ಕಾಲೇಜಿನಲ್ಲಿ ನಗಾಡಿದವರು. ಸಭೆಯಲ್ಲೇ ನಾಲ್ಕು ಜನರ ಮುಂದೆ ಅವಮಾನ ಮಾಡಿದ ಹಿರಿಯರು. ಆವಾಗ ನೀವು ಒಡೆದುಹೋಗಬಾರದು ಅಂತ ಒಳಗೆ ಒಂದು ತೇಪೆ ಬಿತ್ತು. ಇನ್ಮೇಲೆ ಯಾರನ್ನೂ ನಂಬಲ್ಲ, ಯಾರ ಮುಂದೂ ಅಳಲ್ಲ, ಅಂತ. ಆವತ್ತು ಅದು ನಿಮ್ಮನ್ನು ಉಳಿಸಿತು. ನಾನು ಅದನ್ನು ತಪ್ಪು ಅನ್ನಲ್ಲ. ಆದರೆ ತಂಗಿ, ತಮ್ಮಾ, ಅದು ಮಿಡೀತಿಲ್ಲ. ಅಲ್ಲಿ ಪ್ರೀತಿ ಹರೀತಿಲ್ಲ. ಅದರ ಭಾರ ಬದುಕಿನ ಉಳಿದ ಭಾಗದ ಮೇಲೆ ಬೀಳ್ತಿದೆ.

1 ಸಮುವೇಲ 25ನೇ ಅಧ್ಯಾಯದಲ್ಲಿ ನಾಬಾಲ ಎಂಬ ಶ್ರೀಮಂತ ಇದ್ದಾನೆ. ದಾವೀದನ ಹುಡುಗರು ಅವನ ಕುರಿಗಳನ್ನು ಕಾಯ್ದಿದ್ದರು. ಅವರು ಬಂದು ಊಟಕ್ಕೆ ಏನಾದರೂ ಕೊಡಿ ಅಂತ ಕೇಳಿದರೆ, ದಾವೀದ ಯಾರು, ನನ್ನ ರೊಟ್ಟಿ ನನ್ನ ನೀರು ನಾನ್ಯಾಕೆ ಕೊಡಲಿ ಅಂದ. ಆ ರಾತ್ರಿ ರಾಜನ ಹಾಗೆ ಔತಣ ಮಾಡಿ ಕುಡಿದು ಮಲಗಿದ. ಬೆಳಗ್ಗೆ ಅಮಲು ಇಳಿದ ಮೇಲೆ ಹೆಂಡತಿ ಅಬೀಗೈಲ ನಡೆದದ್ದನ್ನು ಹೇಳಿದಳು. ಆಗ ಅವನ ಹೃದಯ ಸತ್ತ ಹಾಗಾಗಿ ಅವನು ಕಲ್ಲಿನಂತಾದ ಅಂತ ಬರೆದಿದೆ. ಸುಮಾರು ಹತ್ತು ದಿನ ಆದಮೇಲೆ ತೀರಿಕೊಂಡ. ಜನ ಅವನನ್ನು ಅವತ್ತು ಕಲ್ಲಾಗಿ ನೋಡಿದರು. ಆದರೆ ಹಸಿದವರಿಗೆ ರೊಟ್ಟಿ ಇಲ್ಲ ಅಂದಾಗಲೇ ಅವನು ಕಲ್ಲಾಗಿದ್ದ.

ಮೂರನೇ ವಿಷಯ. ಹಾಗಾದರೆ ಹೃದಯ ಮತ್ತೆ ಬೆಳೆಯುತ್ತಾ?

ಅಕ್ವೇರಿಯಮ್ ಅಂಗಡಿಯಲ್ಲಿ ಮೈಮೇಲೆ ನೀಲಿ ಪಟ್ಟೆ ಇರುವ ಪುಟ್ಟ ಮೀನು ನೋಡಿದ್ದೀರಲ್ಲ, ಜೀಬ್ರಾ ಮೀನು. ನಮ್ಮ ದೇಶದ ತೊರೆ, ಗದ್ದೆ ನೀರಿನಲ್ಲಿ ಇರುವ ಮೀನೇ ಅದು. ಅದರ ಹೃದಯದ ಕೆಳಕೋಣೆಯಿಂದ ನೂರಕ್ಕೆ 20ರಷ್ಟು ಭಾಗ ಕತ್ತರಿಸಿ ತೆಗೆದರೂ ಸುಮಾರು ಎರಡು ತಿಂಗಳಲ್ಲಿ ಅದು ಮತ್ತೆ ಬೆಳೆಯುತ್ತೆ ಅಂತ 2002ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಮಿಡಿಯುವ ಹೊಸ ಸ್ನಾಯು!

ಮೀನು ಬಿಡಿ, ನಮ್ಮ ಹಾಗೆ ಹಾಲು ಕುಡಿದು ಬೆಳೆಯುವ ಪ್ರಾಣಿಗೆ ಆಗುತ್ತಾ? 2011ರಲ್ಲಿ ಡಾಲಸ್‌ನಲ್ಲೇ ಇನ್ನೊಂದು ತಂಡ ಒಂದು ದಿನದ ಇಲಿಮರಿಗಳ ಹೃದಯದ ತುದಿಯನ್ನು ತೆಗೆದು ನೋಡಿತು. ಮೂರು ವಾರದಲ್ಲಿ ಅದು ಬೆಳೆದುಕೊಂಡಿತು. ಅದೇ ಕೆಲಸ ಏಳು ದಿನದ ಮರಿಗೆ ಮಾಡಿದರೆ? ಆಗಲಿಲ್ಲ. ಬರೀ ಗಾಯದ ಕಲೆ. ಒಂದು ವಾರದಲ್ಲಿ ಆ ಶಕ್ತಿ ಹೋಗಿಬಿಟ್ಟಿತ್ತು.

ಇದನ್ನು ಓದಿದಾಗ ನನಗೆ ಯೋಹಾನ 3ನೇ ಅಧ್ಯಾಯದ ನಿಕೊದೇಮ ನೆನಪಾದ. ದೊಡ್ಡ ಬೋಧಕ, ಹಿರೀ ಮನುಷ್ಯ. ರಾತ್ರಿ ಹೊತ್ತು ಯೇಸುವಿನ ಹತ್ತಿರ ಬಂದ. ಯೇಸು ಅವನಿಗೆ ಇನ್ನೂ ಸ್ವಲ್ಪ ಪ್ರಯತ್ನ ಮಾಡು ಅಂತ ಹೇಳಲಿಲ್ಲ. ಹೊಸದಾಗಿ ಹುಟ್ಟಬೇಕು ಅಂದರು. ಅವನು ಗಾಬರಿಯಾಗಿ, ಮುದುಕನಾದವನು ಮತ್ತೆ ತಾಯಿಯ ಹೊಟ್ಟೆಗೆ ಹೋಗೋದು ಹೇಗೆ ಅಂತ ಕೇಳಿದ. ಅವನ ಪ್ರಶ್ನೆ ಸರಿಯಾಗೇ ಇತ್ತು! ಮೈಯಿಂದ ಆಗಲ್ಲ. ಆತ್ಮನಿಂದ ಆಗುತ್ತೆ. ಇಪ್ಪತ್ತೈದರ ಹುಡುಗನಿಗೂ ಆಗುತ್ತೆ, ಎಪ್ಪತ್ತೈದರ ಅಜ್ಜಿಗೂ ಆಗುತ್ತೆ. ಪವಿತ್ರಾತ್ಮನಿಗೆ ಏಳು ದಿನದ ಗಡುವು ಇಲ್ಲ! ಹಲ್ಲೆಲೂಯಾ, ಸ್ತೋತ್ರ!

ಈಗ ಇವತ್ತಿನ ಮುಖ್ಯ ಮಾತಿಗೆ ಬರ್ತೀನಿ. ಹೃದಯ ಪೂರ್ತಿ ಸೋತುಹೋದ ಕೆಲವು ರೋಗಿಗಳಿಗೆ ಎದೆಯೊಳಗೆ ಒಂದು ಪಂಪ್ ಕೂರಿಸ್ತಾರೆ. ಎಲ್‌ವ್ಯಾಡ್ ಅಂತಾರೆ. ಬ್ಯಾಟರಿ ಮೈ ಹೊರಗೆ ಕಟ್ಟಿಕೊಂಡಿರ್ತಾರೆ. ಹೃದಯದ ಎಡಗೋಣೆಯ ರಕ್ತವನ್ನು ಆ ಪಂಪೇ ಎಳೆದು ದೊಡ್ಡ ರಕ್ತನಾಳಕ್ಕೆ ಕಳಿಸುತ್ತೆ. ಹುಟ್ಟಿದಾಗಿನಿಂದ ಒಂದು ದಿನವೂ ಭಾರ ಇಳಿಸದ ಹೃದಯಕ್ಕೆ ಮೊದಲನೇ ಸಲ ವಿಶ್ರಾಂತಿ. ಎಲ್ಲರಿಗೂ ಅಲ್ಲ, ಕೆಲವರಿಗೆ ಮಾತ್ರ, ಸೋತ ಹೃದಯ ಎಷ್ಟು ಸುಧಾರಿಸಿತು ಅಂದರೆ ಆ ಪಂಪನ್ನೇ ತೆಗೆದುಹಾಕಬಹುದಾಯಿತು.

ಕಾರ್ಬನ್ ಲೆಕ್ಕ ನೆನಪಿದೆಯಲ್ಲ? ಅದೇ ಲೆಕ್ಕವನ್ನು ಈ ರೋಗಿಗಳ ಹೃದಯದ ಮೇಲೂ ಮಾಡಿ 2024ರಲ್ಲಿ ಪ್ರಕಟಿಸಿದರು. ಸೋತ ಹೃದಯದಲ್ಲಿ ಹೊಸ ಕೋಶ ಹುಟ್ಟೋದು ಬಹಳ ಬಹಳ ಕಡಿಮೆ. ಆದರೆ ಪಂಪ್ ಹಾಕಿದ ಮೇಲೆ ಸುಧಾರಿಸಿದವರಲ್ಲಿ, ಆರೋಗ್ಯವಂತರ ಹೃದಯಕ್ಕಿಂತಲೂ ಆರು ಪಟ್ಟಿಗೂ ಹೆಚ್ಚು! ಯಾಕಿರಬಹುದು? ಹೃದಯದ ಒಂದು ಕೋಶ ಎರಡಾಗಬೇಕಾದರೆ ತನ್ನೊಳಗಿನ ಹಿಂಡುವ ಯಂತ್ರವನ್ನು ಬಿಚ್ಚಿ ಇಡಬೇಕು. ಬಿಡುವಿಲ್ಲದೆ ಭಾರ ಎಳೆಯುತ್ತಿರುವ ಕೋಶ ಅದನ್ನು ಹೇಗೆ ಬಿಚ್ಚುತ್ತೆ? ಭಾರ ಬೇರೆಯವರು ಹೊತ್ತರೆ ಬಿಚ್ಚಬಹುದು. ಕಾರಣ ಇದೇ ಇರಬೇಕು ಅಂತ ಸಂಶೋಧಕರು ಯೋಚಿಸ್ತಿದ್ದಾರೆ.

ದೇವಜನರೇ, ಮತ್ತಾಯ 11ನೇ ಅಧ್ಯಾಯ 28ನೇ ವಚನದಲ್ಲಿ ಯೇಸಪ್ಪ ಯಾರನ್ನು ಕರೀತಾರೆ? ಭಾರ ಹೊತ್ತು ದಣಿದವರನ್ನು. ಕರೆದು ಏನು ಕೊಡ್ತಾರೆ? ವಿಶ್ರಾಂತಿ. ನಾವು ತಿಳ್ಕೊಂಡಿರೋದು ಏನು? ಮೊದಲು ನಾನು ಮೆತ್ತಗಾಗಬೇಕು, ಕ್ಷಮಿಸಬೇಕು, ಸರಿ ಹೋಗಬೇಕು, ಆಮೇಲೆ ದೇವರ ಹತ್ತಿರ ಹೋಗಬೇಕು ಅಂತ. ಆಗಲ್ಲ. ಕಲ್ಲು ತನ್ನನ್ನು ತಾನೇ ಮೆತ್ತಗೆ ಮಾಡ್ಕೊಳ್ಳಲ್ಲ. 22ನೇ ವಚನ ಮತ್ತೆ ನೋಡಿ. ಇದನ್ನು ಮಾಡೋದು ನೀವು ಒಳ್ಳೆಯವರು ಅಂತಲ್ಲ, ನನ್ನ ಪರಿಶುದ್ಧ ಹೆಸರಿಗಾಗಿ ಅಂತ ದೇವರೇ ಸ್ಪಷ್ಟ ಮಾಡಿದ್ದಾರೆ. ಮೊದಲು ಭಾರ ಶಿಲುಬೆಗೆ ಹೋಗಲಿ. ನಿಮಗೆ ಆದ ಅನ್ಯಾಯಕ್ಕೆ ನೀವೇ ಜಡ್ಜ್ ಆಗಿ, ನೀವೇ ಪೊಲೀಸ್ ಆಗಿ, ರಾತ್ರಿ ಎರಡು ಗಂಟೆ ತನಕ ಮನಸ್ಸಲ್ಲೇ ಕೇಸ್ ನಡೆಸಿ ದಣಿದಿದ್ದೀರಲ್ಲ, ಆ ಕೇಸನ್ನು ಕರ್ತನ ಕೈಗೆ ಕೊಡಿ.

1 ಅರಸುಗಳು 19ರಲ್ಲಿ ಎಲೀಯನನ್ನು ನೋಡಿ. ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಮರದ ಕೆಳಗೆ ಬಿದ್ದುಕೊಂಡ. ದೇವರು ಅವನಿಗೆ ಮೊದಲು ಪ್ರಸಂಗ ಮಾಡಲಿಲ್ಲ. ನಿದ್ದೆ ಮಾಡೋಕೆ ಬಿಟ್ಟರು. ದೂತನ ಕೈಯಲ್ಲಿ ರೊಟ್ಟಿ ನೀರು ಕಳಿಸಿದರು. ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಊಟ ಕೊಟ್ಟರು. ಆಮೇಲೆ ನಡೆಸಿದರು, ಆಮೇಲೆ ಮಾತಾಡಿದರು. ಇಲ್ಲಿ ಯಾರಿಗಾದರೂ ಬದುಕೇ ಬೇಡ ಅನ್ನಿಸ್ತಿದ್ದರೆ, ಕೂಟ ಮುಗಿದ ಮೇಲೆ ಒಬ್ಬರೇ ಹೋಗಬೇಡಿ. ನನ್ನ ಹತ್ತಿರವೋ ಅಕ್ಕಂದಿರ ಹತ್ತಿರವೋ ಬಂದು ಹೇಳಿ. ಪ್ರಾರ್ಥನೆ ಮಾಡ್ತೀವಿ, ಡಾಕ್ಟರ್ ಹತ್ತಿರ ಹೋಗಬೇಕಾದರೆ ಜೊತೆಗೂ ಬರ್ತೀವಿ.

ಹಾಗಾದರೆ ನಾವು ಮಾಡೋದು ಏನೂ ಇಲ್ವಾ? ಇದೆ. 27ನೇ ವಚನ ಓದಿದ್ದೀರಿ. ಹೃದಯ ಕೊಟ್ಟು, ಒಳಗೆ ತನ್ನ ಆತ್ಮವನ್ನು ಇಟ್ಟು, ಆಮೇಲೆ ತನ್ನ ದಾರಿಯಲ್ಲಿ ನಡೆಯುವ ಹಾಗೆ ಮಾಡ್ತಾರೆ. ಮೊದಲು ಕೊಡೋದು, ಆಮೇಲೆ ನಡೆಸೋದು. ಆ ಐದು ಜನ ಇದ್ದರಲ್ಲ, ಐವತ್ತು ದಾಟಿದ ಮೇಲೆ ಆರು ತಿಂಗಳು ನಡೆದು, ಓಡಿ, ಸೈಕಲ್ ತುಳಿದು ಇಪ್ಪತ್ತರಲ್ಲಿ ಇದ್ದ ಶಕ್ತಿಯನ್ನು ಮರಳಿ ಪಡೆದರು. ಅದೇ ಊರಿನಲ್ಲಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕೂತು ಕೂತೇ ಬದುಕಿದ್ದ ನಡುವಯಸ್ಸಿನವರು ಎರಡು ವರ್ಷ, ವಾರಕ್ಕೆ ನಾಲ್ಕೈದು ದಿನ ವ್ಯಾಯಾಮ ಮಾಡಿದಾಗ ಹೃದಯದ ಬಿಗಿತ ಕಡಿಮೆಯಾಯಿತು. ಎರಡು ವರ್ಷ! ಎರಡು ದಿನ ಅಲ್ಲ. ಹೊಸ ಜನ್ಮ ಒಂದು ಕ್ಷಣದಲ್ಲಿ ಆಗುತ್ತೆ. ಮೆತ್ತಗಾಗಿ ಬದುಕೋದನ್ನು ದಿನಾ ನಡೆದು ಕಲೀಬೇಕು.

ಆ ಅಣ್ಣ ಏನಾದರು ಅಂತ ಕೇಳ್ತೀರಿ. ಪ್ರಾರ್ಥನೆ ಮಾಡಿ ತಮ್ಮನಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮುಂದಿನ ವಾರ ಮಾಡಿದರು. ಎತ್ತಲಿಲ್ಲ. ಮೂರನೇ ಸಲ ಎತ್ತಿದ. ಎರಡೇ ನಿಮಿಷ, ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡಿದರಂತೆ. ಕೇಸ್ ಇನ್ನೂ ನಡೀತಿದೆ. ಇಬ್ಬರೂ ತಬ್ಬಿಕೊಂಡು ಅತ್ತರು ಅಂತ ಸಾಕ್ಷಿ ಹೇಳೋಕೆ ಇನ್ನೂ ಆಗಲ್ಲ. ಆದರೆ ಹನ್ನೊಂದು ವರ್ಷ ಆಡದೇ ಇದ್ದ ಭಾಗ ಎರಡು ನಿಮಿಷ ಆಡಿತು. ಅದಕ್ಕೆ ನಾನು ಸ್ತೋತ್ರ ಹೇಳ್ತೀನಿ.

ತಂಗಿಯರೇ, ಒಂದು ಮಾತು ತಪ್ಪಾಗಿ ತಿಳ್ಕೋಬೇಡಿ. ಕ್ಷಮಿಸೋದು ಅಂದರೆ ಹೊಡೆಯುವವನ ಮನೆಗೆ ವಾಪಸ್ ಹೋಗೋದು ಅಂತಲ್ಲ. ಅಪಾಯ ಇರುವ ಕಡೆ ದೂರ ಇರಿ, ಹಿರಿಯರಿಗೆ ತಿಳಿಸಿ, ಪೊಲೀಸರಿಗೆ ಹೇಳಬೇಕಾದರೆ ಹೇಳಿ. ನಿಮ್ಮೊಳಗೆ ಕಲ್ಲು ಇರಬಾರದು, ಅಷ್ಟೇ ನಾನು ಹೇಳ್ತಿರೋದು.

ಹಾಗೇ ಇನ್ನೊಂದು. ನಮ್ಮ ದೇವರು ಇವತ್ತಿಗೂ ಸ್ವಸ್ಥ ಮಾಡುವ ದೇವರು. ಕೈಯಿಟ್ಟು ಪ್ರಾರ್ಥಿಸ್ತೀವಿ, ನಂಬ್ತೀವಿ. ಆದರೆ ನಂಬಿಕೆ ಇದೆ ಅಂತ ಯಾರೂ ಬಿಪಿ ಮಾತ್ರೆ, ಹೃದಯದ ಮಾತ್ರೆ ತಾವಾಗೇ ನಿಲ್ಲಿಸಬೇಡಿ. ನಿಲ್ಲಿಸೋದು ಡಾಕ್ಟರ್ ಕೆಲಸ. ಮನೆಯಲ್ಲಿ ಯಾರಿಗಾದರೂ ಎದೆ ಹಿಂಡಿದ ಹಾಗಾಗಿ, ಬೆವರು ಬಂದು, ನೋವು ಕೈಗೋ ದವಡೆಗೋ ಹರಡಿದರೆ, ಗ್ಯಾಸ್ ಇರಬೇಕು ಅಂತ ಕಾಯಬೇಡಿ. ನನಗೆ ಫೋನ್ ಮಾಡುವ ಮೊದಲು 108ಕ್ಕೆ ಮಾಡಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಪ್ರಾರ್ಥನೆ ಮಾಡಿ. ದೇವರು ಆಂಬ್ಯುಲೆನ್ಸಿನಲ್ಲೂ ಕೇಳ್ತಾರೆ. ಅಪ್ಪು 46ನೇ ವಯಸ್ಸಿಗೆ ಹೋದಾಗ ನಾಡೆಲ್ಲ ಅತ್ತೆವು, ಎಷ್ಟೋ ಜನ ಹೃದಯ ಪರೀಕ್ಷೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಆ ಎಚ್ಚರ ಒಳ್ಳೆಯದೇ. ಒಳಗಿನ ಹೃದಯದ ಪರೀಕ್ಷೆಗೂ ಅಷ್ಟೇ ಅವಸರ ಇರಲಿ.

ಆರಾಧನೆ ತಂಡದವರು ಮೆಲ್ಲಗೆ ನುಡಿಸಲಿ. ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚಿ. ಯಾರನ್ನೂ ಮುಂದೆ ಎಳೆಯಲ್ಲ, ಯಾರ ಹೆಸರನ್ನೂ ಕೂಗಲ್ಲ. ನಿಮ್ಮೊಳಗೆ ಆಡದೇ ಇರುವ ಭಾಗ ಯಾವುದು ಅಂತ ನಿಮಗೆ ಗೊತ್ತು, ದೇವರಿಗೂ ಗೊತ್ತು. ಒಂದು ಮುಖ ಕಣ್ಣ ಮುಂದೆ ಬರ್ತಿದ್ದರೆ ಆ ಹೆಸರನ್ನು ಕರ್ತನ ಮುಂದೆ ಮೆಲ್ಲಗೆ ಹೇಳಿ. ಕ್ಷಮಿಸೋಕೆ ಆಗ್ತಿಲ್ಲ ಅಂದರೆ, ಆಗ್ತಿಲ್ಲ ಕರ್ತನೇ ಅಂತಲೇ ಹೇಳಿ. ಅದೂ ಪ್ರಾರ್ಥನೆಯೇ. ನನ್ನ ಹಿಂದೆ ಹೇಳಿ.

ಪ್ರೀತಿಯುಳ್ಳ ತಂದೆಯೇ, ನಾನು ದಣಿದಿದ್ದೇನೆ. ನನ್ನ ಗಾಯವನ್ನು ನಾನೇ ಹೊಲಿದುಕೊಂಡು, ಗಟ್ಟಿಯಾಗಿ ಬದುಕಲು ಕಲಿತಿದ್ದೇನೆ. ಈ ಕಲ್ಲನ್ನು ತೆಗೆಯಲು ನನಗೆ ಬರುವುದಿಲ್ಲ, ನಿಮಗೆ ಬರುತ್ತದೆ. ನನ್ನ ಭಾರವನ್ನು ನಿಮ್ಮ ಕೈಗೆ ಕೊಡುತ್ತೇನೆ. ನನಗಾದ ಅನ್ಯಾಯವನ್ನು ನಿಮ್ಮ ಕೈಗೆ ಕೊಡುತ್ತೇನೆ. ನಿಮ್ಮ ಮಗನಾದ ಯೇಸುವಿನ ರಕ್ತದಿಂದ ನನ್ನನ್ನು ತೊಳೆಯಿರಿ. ನಿಮ್ಮ ಆತ್ಮವನ್ನು ನನ್ನೊಳಗೆ ಇಡಿ. ಮತ್ತೆ ಪ್ರೀತಿಸುವ, ಮತ್ತೆ ಅಳುವ, ನಿಮ್ಮ ಮಾತಿಗೆ ಸಡಿಲವಾಗುವ ಹೃದಯ ಕೊಡಿ. ನಾಳೆ ಬೆಳಗ್ಗೆ ಒಂದು ಹೆಜ್ಜೆ ನಡೆಯಲು ಬಲ ಕೊಡಿ. ಯೇಸುವಿನ ನಾಮದಲ್ಲಿ ಬೇಡುತ್ತೇನೆ ತಂದೆಯೇ, ಆಮೆನ್.

ಈ ವಾರ ಒಂದೇ ಕೆಲಸ ಕೊಡ್ತೀನಿ. ಒಂದು ಫೋನ್ ಕರೆ. ಇಲ್ಲದಿದ್ದರೆ ಒಂದು ಮೆಸೇಜ್. ಅದೂ ಕಷ್ಟ ಅಂದರೆ, ಆ ಹೆಸರು ಹೇಳಿ ದಿನಕ್ಕೆ ಒಂದು ಸಲ ಪ್ರಾರ್ಥನೆ. ಮುಂದಿನ ವಾರ ಬಂದು ಸಾಕ್ಷಿ ಹೇಳುವವರು ಹೇಳಿ, ಎರಡು ನಿಮಿಷದ ಸಾಕ್ಷಿ ಆದರೂ ಸಾಕು.

ಕರ್ತನ ಕೃಪೆ, ದೇವರ ಪ್ರೀತಿ, ಪವಿತ್ರಾತ್ಮನ ಸಹವಾಸ ನಿಮ್ಮೆಲ್ಲರ ಜೊತೆ ಇರಲಿ. ಹೋಗುವಾಗ ಹೆಲ್ಮೆಟ್ ಹಾಕಿಕೊಂಡು ನಿಧಾನವಾಗಿ ಹೋಗಿ. ಗಾಡ್ ಬ್ಲೆಸ್ ಯು.